ಒಂದು ಬೇಸ್ ಮುಟ್ಟದ ತಪ್ಪಿಗೆ ಬದುಕಿಡೀ 'ದಡ್ಡ' ಎನಿಸಿಕೊಂಡ ಆಟಗಾರ: ಯಾರು ಈ ಫ್ರೆಡ್ ಮರ್ಕಲ್?

ಅಂಪೈರ್ ಕೊಟ್ಟ ತೀರ್ಪು ಸರಿಯೋ ತಪ್ಪೋ ಎಂದು ಅಭಿಮಾನಿಗಳು ರಾತ್ರಿಯಿಡೀ ಜಗಳ ಆಡುವುದು ನಮಗೆ ಹೊಸದೇನಲ್ಲ. ಎರಡು ದಿನ ಕಳೆದರೆ ಆ ಜಗಳ ತಣ್ಣಗಾಗುತ್ತದೆ, ಮುಂದಿನ ಪಂದ್ಯ ಬರುತ್ತದೆ. ಆದರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ 1908ರಲ್ಲಿ ಕೊಟ್ಟ ಒಂದು ತೀರ್ಪಿನ ಚರ್ಚೆ ಇವತ್ತಿಗೂ ನಿಂತಿಲ್ಲ. ಆ ತೀರ್ಪಿನ ಭಾರ ಹೊತ್ತವರು ಆಗಿನ್ನೂ 19 ವರ್ಷದ ಒಬ್ಬ ಹುಡುಗ. ಹೆಸರು ಫ್ರೆಡ್ ಮರ್ಕಲ್.

ಮರ್ಕಲ್ 1,600ಕ್ಕೂ ಹೆಚ್ಚು ಪಂದ್ಯ ಆಡಿದರು. 1,500ಕ್ಕೂ ಹೆಚ್ಚು ಹಿಟ್ ಬಾರಿಸಿದರು. ಐದು ವರ್ಲ್ಡ್ ಸೀರೀಸ್‌ಗಳಲ್ಲಿ ಕಣಕ್ಕಿಳಿದರು. ಇಷ್ಟಾದರೂ ಜನ ನೆನಪಿಟ್ಟುಕೊಂಡಿದ್ದು ಅವರು ಓಡದೇ ಬಿಟ್ಟ ಕೆಲವು ಹೆಜ್ಜೆಗಳನ್ನು ಮಾತ್ರ!

ಹದಿನೆಂಟಕ್ಕೇ ದೊಡ್ಡ ತಂಡಕ್ಕೆ

ಮರ್ಕಲ್ ಹುಟ್ಟಿದ್ದು 1888ರ ಡಿಸೆಂಬರ್ 20ರಂದು, ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್‌ನಲ್ಲಿ. ಬೆಳೆದದ್ದು ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ. 1907ರಲ್ಲಿ, ಹದಿನೆಂಟನೇ ವಯಸ್ಸಿಗೇ, ನ್ಯೂಯಾರ್ಕ್ ಜೈಂಟ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಆ ತಂಡದ ಮ್ಯಾನೇಜರ್ ಜಾನ್ ಮೆಕ್‌ಗ್ರಾ. ಸೋಲು ಎಂದರೆ ಸಿಡಿದೇಳುವ, ಅಂಪೈರ್‌ಗಳ ಜತೆ ಕಾದಾಡುವುದಕ್ಕೇ ಹೆಸರಾದ ಮನುಷ್ಯ.

1908ರ ಸೀಸನ್‌ನಲ್ಲಿ ಮರ್ಕಲ್ ಇಡೀ ನ್ಯಾಷನಲ್ ಲೀಗ್‌ನಲ್ಲೇ ಅತಿ ಕಿರಿಯ ಆಟಗಾರ. ಆದರೆ ಆಡಲು ಅವಕಾಶ ಸಿಕ್ಕಿದ್ದು ಅಷ್ಟಕ್ಕಷ್ಟೇ. ಮೊದಲ ಬೇಸ್ ಕಾಯುವ ಜಾಗದಲ್ಲಿ ಅನುಭವಿ ಫ್ರೆಡ್ ಟೆನ್ನಿ ಗಟ್ಟಿಯಾಗಿ ಕುಳಿತಿದ್ದರು. ಆ ವರ್ಷ ನ್ಯೂಯಾರ್ಕ್ ಜೈಂಟ್ಸ್, ಶಿಕಾಗೊ ಕಬ್ಸ್ ಮತ್ತು ಪಿಟ್ಸ್‌ಬರ್ಗ್ ಪೈರೇಟ್ಸ್ ನಡುವೆ ಕತ್ತು ಕತ್ತಿನ ಪೈಪೋಟಿ. ಒಂದೊಂದು ಪಂದ್ಯವೂ ಚಿನ್ನದ ಬೆಲೆಯದು.

ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ಮತ್ತು ಕಬ್ಸ್ ಎದುರಾದವು. ಅಂದು ಬೆಳಗ್ಗೆ ಟೆನ್ನಿಗೆ ಬೆನ್ನುನೋವು. ಹೀಗಾಗಿ ಆ ಸೀಸನ್‌ನಲ್ಲಿ ಮೊದಲ ಬಾರಿಗೆ ಮರ್ಕಲ್ ಆರಂಭದಿಂದಲೇ ಮೈದಾನಕ್ಕಿಳಿದರು. ಆ ಬೆನ್ನುನೋವು ಬೇರೆ ಯಾವುದಾದರೂ ದಿನ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗೆದ್ದ ಪಂದ್ಯ ಕೈಜಾರಿದ್ದು ಹೇಗೆ?

ಒಂಬತ್ತನೇ ಇನಿಂಗ್ಸ್‌ನ ಕೊನೆ. ಸ್ಕೋರ್ 1-1. ಜೈಂಟ್ಸ್ ಬ್ಯಾಟಿಂಗ್, ಆಗಲೇ ಇಬ್ಬರು ಔಟ್. ಮೊದಲ ಬೇಸ್‌ನಲ್ಲಿ ಮೂಸ್ ಮೆಕಾರ್ಮಿಕ್ ನಿಂತಿದ್ದರು. ಬ್ಯಾಟ್ ಹಿಡಿದು ಬಂದ ಮರ್ಕಲ್ ಚೆಂಡನ್ನು ಬಲಬದಿಗೆ ಬಾರಿಸಿ ಮೊದಲ ಬೇಸ್ ತಲುಪಿದರು. ಮೆಕಾರ್ಮಿಕ್ ಮೂರನೇ ಬೇಸ್‌ಗೆ ಓಡಿದರು. ಇನ್ನೊಂದು ಹಿಟ್ ಸಿಕ್ಕರೆ ಗೆಲುವು.

ಆ ಹಿಟ್ ಬಂದೇ ಬಂತು. ಆಲ್ ಬ್ರಿಡ್‌ವೆಲ್ ಚೆಂಡನ್ನು ನೇರವಾಗಿ ಸೆಂಟರ್ ಫೀಲ್ಡ್‌ಗೆ ಹೊಡೆದರು. ಮೆಕಾರ್ಮಿಕ್ ಹೋಮ್ ಪ್ಲೇಟ್ ಮುಟ್ಟಿದರು. ಜೈಂಟ್ಸ್ ಗೆದ್ದಿತೆಂದು ಸಾವಿರಾರು ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ಪೋಲೊ ಗ್ರೌಂಡ್ಸ್‌ನಲ್ಲಿ ಪಂದ್ಯ ಮುಗಿದ ಮೇಲೆ ಜನ ಮೈದಾನದ ನಡುವೆಯೇ ಹಾದು ಹೊರಹೋಗುವುದು ವಾಡಿಕೆ. ಆಟಗಾರರ ಕೊಠಡಿ ಇದ್ದದ್ದೂ ದೂರದ ಸೆಂಟರ್ ಫೀಲ್ಡ್ ಕಡೆಗೆ. ಜನಸಾಗರ ಮುತ್ತುವ ಮೊದಲು ಅಲ್ಲಿಗೆ ತಲುಪಬೇಕೆಂದು ಆಟಗಾರರು ಓಡುತ್ತಿದ್ದರು. ಮರ್ಕಲ್ ಕೂಡ ಎರಡನೇ ಬೇಸ್‌ನತ್ತ ಅರ್ಧದಾರಿ ಹೋದವರು, ಗೆಲುವಿನ ರನ್ ಬಂದದ್ದು ನೋಡಿ, ಬೇಸ್ ಮುಟ್ಟದೆ ಕೊಠಡಿಯತ್ತ ತಿರುಗಿಬಿಟ್ಟರು.

ಇಲ್ಲೇ ಆಗಿದ್ದು ಎಡವಟ್ಟು!

ನಿಯಮ ಏನು ಹೇಳುತ್ತದೆ?

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಚೆಂಡನ್ನು ಬಾರಿಸಿ ಮೊದಲ ಬೇಸ್‌ಗೆ ಓಡಿದಾಗ, ಅಲ್ಲಿ ಮೊದಲೇ ನಿಂತಿದ್ದವನು ಜಾಗ ಬಿಟ್ಟು ಎರಡನೇ ಬೇಸ್‌ಗೆ ಹೋಗಲೇಬೇಕು. ಅವನು ತಲುಪುವ ಮೊದಲೇ ಎದುರಾಳಿ ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ಮುಟ್ಟಿದರೆ ಓಟಗಾರ ಔಟ್. ಇದಕ್ಕೆ ಫೋರ್ಸ್ ಔಟ್ ಎನ್ನುತ್ತಾರೆ. ಹೀಗೆ ಬಿದ್ದದ್ದು ಮೂರನೇ ಔಟ್ ಆಗಿದ್ದರೆ, ಅದೇ ಹೊಡೆತಕ್ಕೆ ಬಂದ ರನ್ ಲೆಕ್ಕಕ್ಕಿಲ್ಲ.

ನಿಯಮ ಪುಸ್ತಕದಲ್ಲಿತ್ತು, ನಿಜ. ಆದರೆ ಗೆಲುವಿನ ರನ್ ಬಂದ ಮೇಲೆ ಓಟಗಾರರು ಬೇಸ್ ಮುಟ್ಟದೆ ಹೊರಟುಹೋಗುವುದು ಆ ಕಾಲದಲ್ಲಿ ಮಾಮೂಲಾಗಿತ್ತು. ಅಂಪೈರ್‌ಗಳೂ ನೋಡಿಯೂ ನೋಡದಂತೆ ಇರುತ್ತಿದ್ದರು. ಕ್ರಿಕೆಟ್ ಪ್ರಿಯರಿಗೆ ಇದು ವಿನೂ ಮಂಕಡ್ ಪ್ರಕರಣವನ್ನು ನೆನಪಿಸಬಹುದು. 1947ರ ಸಿಡ್ನಿ ಟೆಸ್ಟ್‌ನಲ್ಲಿ ಕ್ರೀಸ್ ಬಿಟ್ಟು ಮುಂದೆ ಸರಿದ ಬಿಲ್ ಬ್ರೌನ್ ಅವರನ್ನು ಮಂಕಡ್ ರನೌಟ್ ಮಾಡಿದಾಗಲೂ ನಿಯಮ ಅವರ ಪರವಾಗಿತ್ತು, ರೂಢಿ ವಿರುದ್ಧವಾಗಿತ್ತು. ಅಲ್ಲಿ ಹೆಸರು ಕೆಟ್ಟದ್ದು ನಿಯಮ ಬಳಸಿದವರದು. ಇಲ್ಲಿ ಹೆಸರು ಕೆಟ್ಟದ್ದು ರೂಢಿ ನಂಬಿದವರದು.

19 ದಿನ ಮೊದಲೇ ಸಿಕ್ಕಿತ್ತು ಸುಳಿವು

ಕಬ್ಸ್ ತಂಡದ ಎರಡನೇ ಬೇಸ್ ಕಾಯುತ್ತಿದ್ದ ಜಾನಿ ಎವರ್ಸ್‌ಗೆ ನಿಯಮ ಪುಸ್ತಕ ಕಂಠಪಾಠ. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಇಂಥದ್ದೇ ಘಟನೆ ನಡೆದಿತ್ತು. ಗೆಲುವಿನ ರನ್ ಬಂದಾಗ ಪೈರೇಟ್ಸ್‌ನ ವಾರನ್ ಗಿಲ್ ಎರಡನೇ ಬೇಸ್ ಮುಟ್ಟದೆ ಹೊರಟಿದ್ದರು. ಎವರ್ಸ್ ಚೆಂಡು ತರಿಸಿಕೊಂಡು ಔಟ್ ಕೇಳಿದ್ದರು. ಆ ದಿನ ಏಕೈಕ ಅಂಪೈರ್ ಆಗಿದ್ದ ಹ್ಯಾಂಕ್ ಓಡೇ ಅದನ್ನು ಗಮನಿಸಿರಲಿಲ್ಲ. ಕಬ್ಸ್ ಕೊಟ್ಟ ದೂರನ್ನೂ ಲೀಗ್ ತಳ್ಳಿಹಾಕಿತು. ಆದರೆ ಓಡೇ ತಲೆಯಲ್ಲಿ ಆ ನಿಯಮ ಉಳಿದುಕೊಂಡಿತು.

ಸೆಪ್ಟೆಂಬರ್ 23ರಂದು ಪೋಲೊ ಗ್ರೌಂಡ್ಸ್‌ನಲ್ಲಿ ಹೋಮ್ ಪ್ಲೇಟ್ ಹಿಂದೆ ನಿಂತಿದ್ದವರು ಬೇರಾರೂ ಅಲ್ಲ, ಅದೇ ಓಡೇ!

ಮರ್ಕಲ್ ತಿರುಗಿ ಹೋದದ್ದನ್ನು ಕಂಡ ಎವರ್ಸ್ ಚೆಂಡಿಗಾಗಿ ಕೂಗಿದರು. ಮುಂದೆ ನಡೆದದ್ದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಕಥೆ. ಜೈಂಟ್ಸ್‌ನ ಜೋ ಮೆಕ್‌ಗಿನಿಟಿ ಅನಾಹುತ ಅರಿತು ಚೆಂಡನ್ನು ಕಿತ್ತುಕೊಂಡು ಜನರ ನಡುವೆ ಎಸೆದರು ಎನ್ನುತ್ತಾರೆ. ಕೊನೆಗೆ ಎವರ್ಸ್ ಕೈಗೆ ಬಂದದ್ದು ಅದೇ ಚೆಂಡೋ, ಬೇರೆ ಚೆಂಡೋ ಎಂಬುದು ಇಂದಿಗೂ ಬಗೆಹರಿದಿಲ್ಲ. ಅಂತೂ ಎವರ್ಸ್ ಎರಡನೇ ಬೇಸ್ ಮೇಲೆ ಚೆಂಡು ಹಿಡಿದು ನಿಂತರು. ಇನ್ನೊಬ್ಬ ಅಂಪೈರ್ ಬಾಬ್ ಎಮ್‌ಸ್ಲಿ ಮರ್ಕಲ್ ಬೇಸ್ ಮುಟ್ಟಿದ್ದನ್ನಾಗಲಿ, ಬಿಟ್ಟಿದ್ದನ್ನಾಗಲಿ ನೋಡಿರಲಿಲ್ಲ. ಬ್ರಿಡ್‌ವೆಲ್ ಹೊಡೆತದಿಂದ ತಪ್ಪಿಸಿಕೊಳ್ಳುವುದರಲ್ಲೇ ಅವರು ಇದ್ದರು. ಓಡೇ ನೋಡಿದ್ದರು. ಮರ್ಕಲ್ ಔಟ್, ರನ್ ಇಲ್ಲ ಎಂಬುದು ಅವರ ತೀರ್ಪು.

ಆಗ ಮೈದಾನದ ತುಂಬ ಜನ, ಮೇಲೆ ಕತ್ತಲು ಬೇರೆ ಕವಿಯುತ್ತಿತ್ತು. ಆಟ ಮುಂದುವರಿಯಲಿಲ್ಲ. ಪಂದ್ಯ 1-1 ಟೈ. ಗೆದ್ದೆವೆಂದು ಹಾಡಿಕೊಂಡು ಮನೆಗೆ ಹೋದ ಅಭಿಮಾನಿಗಳಿಗೆ ಗೆದ್ದಿಲ್ಲ ಎಂಬುದು ತಿಳಿದದ್ದು ಆಮೇಲೆ.

ಮತ್ತೆ ಪಂದ್ಯ, ಮತ್ತೆ ಸೋಲು

ಲೀಗ್ ಅಧ್ಯಕ್ಷ ಹ್ಯಾರಿ ಪುಲಿಯಂ ಅಂಪೈರ್ ತೀರ್ಪನ್ನೇ ಎತ್ತಿಹಿಡಿದರು. ಜೈಂಟ್ಸ್ ಮೇಲ್ಮನವಿ ಸಲ್ಲಿಸಿದರೂ ಫಲ ಸಿಗಲಿಲ್ಲ. ಸೀಸನ್ ಮುಗಿದಾಗ ಜೈಂಟ್ಸ್ ಮತ್ತು ಕಬ್ಸ್ ಎರಡೂ 98 ಗೆಲುವು, 55 ಸೋಲು. ಟೈ ಆದ ಪಂದ್ಯವನ್ನು ಮತ್ತೆ ಆಡಿಸದೆ ಬೇರೆ ದಾರಿ ಇರಲಿಲ್ಲ.

ಅಕ್ಟೋಬರ್ 8ರಂದು ಪೋಲೊ ಗ್ರೌಂಡ್ಸ್‌ಗೆ ಜನ ಬೇಲಿ ಮುರಿದು ನುಗ್ಗಿದರು. ಟೆನ್ನಿ ತಂಡಕ್ಕೆ ಮರಳಿದ್ದರು, ಮರ್ಕಲ್ ಬೆಂಚಿನ ಮೇಲೆ. ಜೈಂಟ್ಸ್‌ನ ಮಹಾನ್ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್ ಅವರನ್ನು ಕಬ್ಸ್ ಮೂರನೇ ಇನಿಂಗ್ಸ್‌ನಲ್ಲಿ ದಂಡಿಸಿತು. ಕಬ್ಸ್ 4-2ರಿಂದ ಗೆದ್ದು, ಆಮೇಲೆ ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ವರ್ಲ್ಡ್ ಸೀರೀಸನ್ನೂ ಗೆದ್ದುಕೊಂಡಿತು. ವಿಚಿತ್ರವೆಂದರೆ ಆ ತಂಡ ಮತ್ತೆ ಆ ಪಟ್ಟ ಏರಲು 2016ರವರೆಗೆ, ಅಂದರೆ 108 ವರ್ಷ ಕಾಯಬೇಕಾಯಿತು.

ನ್ಯೂಯಾರ್ಕ್‌ನಲ್ಲಿ ಮಾತ್ರ ಎಲ್ಲರ ಬೆರಳು ತೋರಿದ್ದು ಒಬ್ಬನತ್ತಲೇ. ಪತ್ರಿಕೆಗಳು ಮರ್ಕಲ್‌ಗೆ 'ಬೋನ್‌ಹೆಡ್' ಎಂಬ ಹೆಸರಿಟ್ಟವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಡ್ಡಿತಲೆ. ಆದರೆ ಲೆಕ್ಕ ಹಾಕಿದರೆ ಬೇರೆ ಚಿತ್ರ ಕಾಣುತ್ತದೆ. ಆ ಟೈ ನಂತರದ ದಿನಗಳಲ್ಲಿ ಫಿಲಡೆಲ್ಫಿಯಾದ ಹೊಸ ಹುಡುಗ ಹ್ಯಾರಿ ಕೊವೆಲೆಸ್ಕಿ ಒಬ್ಬರೇ ಐದು ದಿನಗಳಲ್ಲಿ ಮೂರು ಬಾರಿ ಜೈಂಟ್ಸ್ ತಂಡವನ್ನು ಸೋಲಿಸಿದ್ದರು. ಅದರಲ್ಲಿ ಒಂದನ್ನು ಗೆದ್ದಿದ್ದರೂ ಮರುಪಂದ್ಯದ ಅಗತ್ಯವೇ ಬೀಳುತ್ತಿರಲಿಲ್ಲ. ಆ ಮೂರು ಸೋಲಿಗೆ ಯಾರಿಗೂ ಅಡ್ಡಹೆಸರು ಬರಲಿಲ್ಲ.

ಕೈಬಿಡದ ಮೆಕ್‌ಗ್ರಾ

ಮರ್ಕಲ್ ಕುಗ್ಗಿಹೋದರು. ಊಟ ಬಿಟ್ಟು ಸೊರಗಿದರು. ತಮ್ಮನ್ನು ತಂಡದಿಂದ ತೆಗೆದುಬಿಡಿ ಎಂದು ಮೆಕ್‌ಗ್ರಾ ಬಳಿ ಕೇಳಿಕೊಂಡರು ಎನ್ನಲಾಗುತ್ತದೆ. ಸೋಲನ್ನು ಸಹಿಸದ ಮೆಕ್‌ಗ್ರಾ ಈ ಹುಡುಗನ ವಿಷಯದಲ್ಲಿ ಮಾತ್ರ ಬೇರೆಯೇ ಆದರು. ಮರ್ಕಲ್ ಮೇಲೆ ತಪ್ಪು ಹೊರಿಸಲಿಲ್ಲ, ಬದಲಿಗೆ ಸಂಬಳ ಹೆಚ್ಚಿಸಿದರು. ತಾವು ಗೆಲ್ಲಬೇಕಿದ್ದ ಹತ್ತಾರು ಪಂದ್ಯಗಳನ್ನು ಸೋತಿರುವಾಗ ಒಬ್ಬನನ್ನು ದೂರುವುದು ಸರಿಯಲ್ಲ ಎಂಬುದು ಅವರ ವಾದ.

ಆ ನಂಬಿಕೆ ಸುಳ್ಳಾಗಲಿಲ್ಲ. 1910ರಿಂದ ಮರ್ಕಲ್ ಮೊದಲ ಬೇಸ್‌ನ ಕಾಯಂ ಆಟಗಾರ. 1911, 1912, 1913 ಮೂರೂ ವರ್ಷ ಜೈಂಟ್ಸ್ ಲೀಗ್ ಗೆದ್ದಿತು. ಮೆಕ್‌ಗ್ರಾ ಆಟದ ಸೂಕ್ಷ್ಮಗಳ ಬಗ್ಗೆ ಸಲಹೆ ಕೇಳುತ್ತಿದ್ದವರಲ್ಲಿ ಮರ್ಕಲ್ ಒಬ್ಬರು. ಜನ ದಡ್ಡ ಎಂದವರನ್ನು ಕಟ್ಟುನಿಟ್ಟಿನ ಆ ಮ್ಯಾನೇಜರ್ ಜಾಣ ಎಂದೇ ಬಗೆದಿದ್ದರು.

1911ರ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಇನ್ನೊಂದು ತಮಾಷೆ ನಡೆಯಿತು. ಹತ್ತನೇ ಇನಿಂಗ್ಸ್‌ನಲ್ಲಿ ಮರ್ಕಲ್ ಎತ್ತಿ ಹೊಡೆದ ಚೆಂಡಿಗೆ ಲ್ಯಾರಿ ಡಾಯ್ಲ್ ಓಡಿಬಂದು ಗೆಲುವಿನ ರನ್ ತಂದರು. ಆದರೆ ಡಾಯ್ಲ್ ಹೋಮ್ ಪ್ಲೇಟ್ ಮುಟ್ಟಿರಲೇ ಇಲ್ಲ! ಅಂಪೈರ್ ಬಿಲ್ ಕ್ಲೆಮ್ ಅದನ್ನು ಕಂಡರು. ಎದುರಾಳಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಆಟಗಾರರು ಔಟ್ ಕೇಳಿದ್ದರೆ ಕೊಡುತ್ತಿದ್ದೆ ಎಂದು ಅವರು ಬಳಿಕ ತಿಳಿಸಿದರು. ಯಾರೂ ಕೇಳಲಿಲ್ಲ. ಜೈಂಟ್ಸ್ 4-3ರಿಂದ ಗೆದ್ದಿತು. ಮೂರು ವರ್ಷಗಳ ಹಿಂದೆ ಎವರ್ಸ್ ಕೂಡ ಸುಮ್ಮನಿದ್ದಿದ್ದರೆ ಮರ್ಕಲ್ ಬದುಕೂ ಡಾಯ್ಲ್ ಬದುಕಿನಂತೆಯೇ ನೆಮ್ಮದಿಯಾಗಿ ಸಾಗುತ್ತಿತ್ತು.

ಐದು ಫೈನಲ್, ಐದೂ ಸೋಲು

1912ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧದ ನಿರ್ಣಾಯಕ ಪಂದ್ಯ. ಹತ್ತನೇ ಇನಿಂಗ್ಸ್‌ನಲ್ಲಿ ಮರ್ಕಲ್ ಹಿಟ್‌ನಿಂದಲೇ ಜೈಂಟ್ಸ್ 2-1 ಮುನ್ನಡೆ ಪಡೆಯಿತು. ಹಳೆಯ ಕಳಂಕ ತೊಳೆದುಹೋಗಲು ಮೂರು ಔಟ್ ಸಾಕಿತ್ತು. ಆದರೆ ಮೊದಲು ಫ್ರೆಡ್ ಸ್ನಾಡ್‌ಗ್ರಾಸ್ ಸುಲಭ ಕ್ಯಾಚ್ ಬಿಟ್ಟರು. ಬಳಿಕ ಟ್ರಿಸ್ ಸ್ಪೀಕರ್ ಹೊಡೆದ ಚೆಂಡು ಮರ್ಕಲ್, ಮ್ಯಾಥ್ಯೂಸನ್ ಮತ್ತು ಕ್ಯಾಚರ್ ಚೀಫ್ ಮೇಯರ್ಸ್ ಮೂವರ ನಡುವೆ ನೆಲಕ್ಕೆ ಬಿತ್ತು. ಜೀವದಾನ ಪಡೆದ ಸ್ಪೀಕರ್ ಸ್ಕೋರ್ ಸಮ ಮಾಡಿದರು, ಬಾಸ್ಟನ್ 3-2ರಿಂದ ಗೆದ್ದಿತು. ಮುನ್ನಡೆ ತಂದುಕೊಟ್ಟ ಹಿಟ್ ಮರೆತುಹೋಯಿತು. ಹಳೆಯ ಅಡ್ಡಹೆಸರು ಮತ್ತೆ ಎದ್ದುನಿಂತಿತು.

1916ರ ಆಗಸ್ಟ್‌ನಲ್ಲಿ ಜೈಂಟ್ಸ್ ಮರ್ಕಲ್ ಅವರನ್ನು ಬ್ರೂಕ್ಲಿನ್ ತಂಡಕ್ಕೆ ಬಿಟ್ಟುಕೊಟ್ಟು, ಕ್ಯಾಚರ್ ಲೂ ಮೆಕಾರ್ಟಿಯನ್ನು ಪಡೆಯಿತು. ಆಗಿನ ಕರಾರಿನಲ್ಲಿ ಇಂಥ ವಿನಿಮಯ ಒಪ್ಪುವ ಅಥವಾ ಬಿಡುವ ಹಕ್ಕು ಆಟಗಾರನಿಗೆ ಇರಲಿಲ್ಲ. ಬ್ರೂಕ್ಲಿನ್ ಆ ವರ್ಷ ವರ್ಲ್ಡ್ ಸೀರೀಸ್ ತಲುಪಿ ಸೋತಿತು. ಮರುವರ್ಷ ಅವರನ್ನು ಮಾರಿದ್ದು ಯಾರಿಗೆ ಗೊತ್ತೇ? ಶಿಕಾಗೊ ಕಬ್ಸ್‌ಗೆ! ಯಾವ ತಂಡದಿಂದ ಹೆಸರು ಕೆಟ್ಟಿತೋ ಅದೇ ತಂಡದ ಪರ ಅವರು ನಾಲ್ಕು ಸೀಸನ್ ದುಡಿದರು. 1918ರಲ್ಲಿ ಕಬ್ಸ್ ಕೂಡ ವರ್ಲ್ಡ್ ಸೀರೀಸ್‌ನಲ್ಲಿ ಸೋತಿತು. ಮೂರು ತಂಡ, ಐದು ವರ್ಲ್ಡ್ ಸೀರೀಸ್, ಐದೂ ಸೋಲು.

ಬೆನ್ನು ಬಿಡದ ಹೆಸರು

ಮರ್ಕಲ್ ಆಟ ಮುಗಿಸಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ನೆಲೆಸಿದರು. ಅಲ್ಲಿನ ಸಣ್ಣ ತಂಡವೊಂದನ್ನು ನಡೆಸುತ್ತಿದ್ದಾಗ ಒಬ್ಬ ಆಟಗಾರ ಅದೇ ಅಡ್ಡಹೆಸರು ಹಿಡಿದು ಕರೆದನಂತೆ. ಅಂದೇ ಮೈದಾನದಿಂದ ಹೊರನಡೆದವರು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಒಮ್ಮೆ ಚರ್ಚ್‌ಗೆ ಬಂದಿದ್ದ ಪಾದ್ರಿಯೊಬ್ಬರು, ಎದುರಿಗೆ ಯಾರಿದ್ದಾರೆಂದು ತಿಳಿಯದೆ, ತಾವು ಆ ದಡ್ಡ ಮರ್ಕಲ್‌ನ ಊರಾದ ಟೊಲೆಡೊದವರು ಎಂದು ತಮಾಷೆ ಮಾಡಿದಾಗ ಇಡೀ ಕುಟುಂಬ ಎದ್ದು ಹೊರಬಂದಿತು ಎಂಬ ಪ್ರಸಂಗವೂ ಪ್ರಚಲಿತದಲ್ಲಿದೆ. ಬೇಸ್‌ಬಾಲ್ ಜಗತ್ತಿನಿಂದ ಅವರು ವರ್ಷಗಟ್ಟಲೆ ದೂರವೇ ಉಳಿದರು.

ಗೆಲುವಿನ ಹಿಟ್ ಹೊಡೆದಿದ್ದ ಬ್ರಿಡ್‌ವೆಲ್, ತಾವು ಆ ದಿನ ಔಟ್ ಆಗಿದ್ದರೇ ಚೆನ್ನಾಗಿತ್ತು, ಆ ಹುಡುಗನಿಗೆ ಅಷ್ಟು ನೋವು ಆಗುತ್ತಿರಲಿಲ್ಲ ಎಂದು ಮುಪ್ಪಿನಲ್ಲಿ ಹಲುಬಿದ್ದರು. ಅಂಪೈರ್ ಕ್ಲೆಮ್ ಅವರ ಅಭಿಪ್ರಾಯದಲ್ಲಿ ಓಡೇ ತೀರ್ಪು ತೀರಾ ಕೆಟ್ಟದ್ದು. ಅದೇ ಓಡೇ 2013ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಎವರ್ಸ್, ಮೆಕ್‌ಗ್ರಾ, ಮ್ಯಾಥ್ಯೂಸನ್ ಎಲ್ಲರೂ ಅಲ್ಲಿದ್ದಾರೆ. ಮರ್ಕಲ್ ಇಲ್ಲ.

1950ರಲ್ಲಿ ಜೈಂಟ್ಸ್ ಹಳೆಯ ಆಟಗಾರರನ್ನು ಪೋಲೊ ಗ್ರೌಂಡ್ಸ್‌ಗೆ ಕರೆಯಿತು. ಅಳುಕುತ್ತಲೇ ಮರ್ಕಲ್ ಬಂದರು. ಅರವತ್ತು ದಾಟಿದ ಅವರು ಮೈದಾನಕ್ಕೆ ಕಾಲಿಟ್ಟಾಗ ಪ್ರೇಕ್ಷಕರು ಜೋರಾಗಿ ಚಪ್ಪಾಳೆ ತಟ್ಟಿದರು. ಒಮ್ಮೆ ಹೀಯಾಳಿಸಿದ ಊರೇ ನಾಲ್ಕು ದಶಕದ ನಂತರ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡಿತ್ತು. ಆರು ವರ್ಷಗಳ ಬಳಿಕ, 1956ರ ಮಾರ್ಚ್ 2ರಂದು ಅವರು ಡೇಟೋನಾ ಬೀಚ್‌ನಲ್ಲಿ ಕೊನೆಯುಸಿರೆಳೆದರು. ಇಂದು ಹುಟ್ಟೂರು ವಾಟರ್‌ಟೌನ್‌ನಲ್ಲಿ ಅವರ ಹೆಸರಿನ ಮೈದಾನವಿದೆ.

ಓಡೇ ತೀರ್ಪು ಸರಿಯೋ ತಪ್ಪೋ ಎಂಬ ವಾದ ಇನ್ನೂ ನೂರು ವರ್ಷ ನಡೆಯಬಹುದು. ನಿಯಮದ ಪ್ರಕಾರ ಸರಿ, ರೂಢಿಯ ಪ್ರಕಾರ ತಪ್ಪು ಎಂದು ಎರಡೂ ಕಡೆಯವರಿಗೆ ಹೇಳಲು ಕಾರಣಗಳಿವೆ. ಆದರೆ 154 ಪಂದ್ಯಗಳ ಸೀಸನ್‌ನ ಸೋಲನ್ನು 19ರ ಹುಡುಗನೊಬ್ಬನ ತಲೆಗೆ ಕಟ್ಟಿದ್ದು ಮಾತ್ರ ಅಂಪೈರ್ ಅಲ್ಲ. ಆ ತೀರ್ಪು ಕೊಟ್ಟವರು ಗ್ಯಾಲರಿಯಲ್ಲಿ ಕುಳಿತವರು ಮತ್ತು ಮರುದಿನ ಪತ್ರಿಕೆಯಲ್ಲಿ ಬರೆದವರು.