ದಿವಾಳಿ ಕಂಪನಿಗಳಿಗೆ ಮರುಜೀವ ಕೊಟ್ಟ ಜೆ. ಪಿ. ಮೋರ್ಗನ್

ನಷ್ಟದ ಸುಳಿಗೆ ಸಿಕ್ಕ ಕಾರ್ಖಾನೆಯೊಂದನ್ನು ಹೂಡಿಕೆದಾರರ ಗುಂಪು ವಶಕ್ಕೆ ಪಡೆಯುತ್ತದೆ. ಹಳೆಯ ಆಡಳಿತವನ್ನು ಬದಲಿಸಿ, ಲೆಕ್ಕಪತ್ರವನ್ನು ಸರಿಪಡಿಸಿ, ಕೆಲವು ವರ್ಷಗಳಲ್ಲಿ ಲಾಭದ ಹಾದಿಗೆ ತಂದು ಹೊರನಡೆಯುತ್ತದೆ. ಇಂದು ಪ್ರೈವೇಟ್ ಈಕ್ವಿಟಿ ಎಂದು ಕರೆಸಿಕೊಳ್ಳುವ ವ್ಯವಹಾರದ ಒಂದು ಮುಖ್ಯ ಶಾಖೆ ಇದು. ಆ ಹೆಸರು ಚಾಲ್ತಿಗೆ ಬರುವ ಎಷ್ಟೋ ದಶಕಗಳ ಮೊದಲೇ ನ್ಯೂಯಾರ್ಕಿನ ಬ್ಯಾಂಕರ್ ಒಬ್ಬ ಈ ಕೆಲಸಕ್ಕೊಂದು ಪದ್ಧತಿಯನ್ನು ರೂಪಿಸಿದ್ದ. ಆತನೇ ಜಾನ್ ಪಿಯರ್‌ಪಾಂಟ್ ಮೋರ್ಗನ್. ಆ ಪದ್ಧತಿಗೆ ಮೋರ್ಗನೈಸೇಷನ್ ಎಂದು ಆತನ ಹೆಸರೇ ಅಂಟಿಕೊಂಡಿತು.

ಮೋರ್ಗನ್ ಹುಟ್ಟಿದ್ದು 1837ರ ಏಪ್ರಿಲ್ 17ರಂದು, ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ. ತಂದೆ ಜೂನಿಯಸ್ ಮೋರ್ಗನ್ ಮುಂದೆ ಲಂಡನ್ನಿನಲ್ಲಿ ನೆಲೆಸಿ, ಬ್ರಿಟಿಷ್ ಉಳಿತಾಯದ ಹಣವನ್ನು ಅಮೆರಿಕದ ರೈಲು ಕಂಪನಿಗಳಿಗೆ ಹೊಂದಿಸಿಕೊಡುವ ಬ್ಯಾಂಕರ್ ಆದ. ಮಗನ ಬಾಲ್ಯ ಕಾಯಿಲೆಗಳಲ್ಲೇ ಕಳೆಯಿತು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ, 1857ರಲ್ಲಿ ನ್ಯೂಯಾರ್ಕಿಗೆ ಬಂದು ಲೆಕ್ಕಪತ್ರದ ಕೆಲಸ ಕಲಿತ. 1861ರಲ್ಲಿ ಕ್ಷಯರೋಗದಿಂದ ಬಳಲುತ್ತಿದ್ದ ಅಮೀಲಿಯಾ ಸ್ಟರ್ಜಸ್‌ಳನ್ನು ಮದುವೆಯಾದ. ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. 1871ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಜತೆ ಪಾಲುದಾರನಾಗಿ, ವಾಲ್ ಸ್ಟ್ರೀಟಿನಲ್ಲಿ ಸ್ವಂತ ನೆಲೆ ಕಂಡುಕೊಂಡ.

ಆ ಕಾಲದ ರೈಲು ಕಂಪನಿಗಳ ರೋಗ ಒಂದೇ ಆಗಿತ್ತು. ಸಾಲದ ಮೇಲೆ ಸಾಲ ತಂದು, ಒಂದೇ ಊರಿಗೆ ಎರಡು ಮೂರು ಮಾರ್ಗಗಳನ್ನು ಹಾಕಿ, ಬಳಿಕ ದರ ಇಳಿಸಿ ಪರಸ್ಪರ ನಾಶಕ್ಕಿಳಿಯುತ್ತಿದ್ದವು. 1893ರಲ್ಲಿ ಆರ್ಥಿಕ ಕುಸಿತ ಬಂದಾಗ ಅಮೆರಿಕದ ರೈಲು ಮಾರ್ಗಗಳ ಸುಮಾರು ನಾಲ್ಕನೇ ಒಂದು ಭಾಗ ದಿವಾಳಿಯಾಗಿ ನ್ಯಾಯಾಲಯದ ಸುಪರ್ದಿಗೆ ಹೋಯಿತು. ಹಣ ಹೂಡಿದ್ದ ಲಂಡನ್ನಿನ ಜನರಿಗೆ ಬಾಂಡುಗಳನ್ನು ಮಾರಿದವರಲ್ಲಿ ಮೋರ್ಗನ್ ಮನೆತನವೂ ಇತ್ತು. ಆದ್ದರಿಂದ ಈ ಕಂಪನಿಗಳನ್ನು ಉಳಿಸುವುದು ಆತನಿಗೆ ಹೆಸರು ಉಳಿಸಿಕೊಳ್ಳುವ ಪ್ರಶ್ನೆಯೂ ಆಗಿತ್ತು.

ಸಾಲ ಇಳಿಸುವ ಚಿಕಿತ್ಸೆ

ಮೋರ್ಗನ್ ಅನುಸರಿಸಿದ ಕ್ರಮ ಕಠಿಣವಾದರೂ ಸರಳವಾಗಿತ್ತು. ಮೊದಲು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕಳುಹಿಸಿ, ಅತ್ಯಂತ ಕೆಟ್ಟ ವರ್ಷದಲ್ಲೂ ಕಂಪನಿ ಎಷ್ಟು ಗಳಿಸಬಲ್ಲದು ಎಂದು ಅಳೆಯಲಾಗುತ್ತಿತ್ತು. ವಾರ್ಷಿಕ ಬಡ್ಡಿಯ ಹೊರೆ ಆ ಮೊತ್ತದೊಳಗೆ ಬರುವಂತೆ ಸಾಲವನ್ನು ಇಳಿಸಲಾಗುತ್ತಿತ್ತು. ಬಾಂಡುದಾರರು ಹೆಚ್ಚು ಬಡ್ಡಿಯ ಹಳೆಯ ಪತ್ರ ಬಿಟ್ಟುಕೊಟ್ಟು, ಕಡಿಮೆ ಬಡ್ಡಿಯ ಹೊಸ ಬಾಂಡನ್ನೂ ಆದ್ಯತಾ ಷೇರನ್ನೂ ಒಪ್ಪಬೇಕಿತ್ತು. ಲಾಭ ಬಂದರೆ ಮಾತ್ರ ಆ ಷೇರಿಗೆ ಲಾಭಾಂಶ. ಸಾಮಾನ್ಯ ಷೇರುದಾರರು ತಮ್ಮ ಪಾಲು ಉಳಿಸಿಕೊಳ್ಳಲು ಹೊಸದಾಗಿ ಹಣ ಕಟ್ಟಬೇಕಿತ್ತು. ಆ ಹಣ ದುರಸ್ತಿಗೂ ಹೊಸ ಯಂತ್ರಗಳಿಗೂ ವಿನಿಯೋಗವಾಗುತ್ತಿತ್ತು.

ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ. ಷೇರುಗಳ ಮತಾಧಿಕಾರವೆಲ್ಲ ಕೆಲವು ವರ್ಷಗಳ ಕಾಲ, ಸಾಮಾನ್ಯವಾಗಿ ಐದು ವರ್ಷ, ಮೋರ್ಗನ್ ಮತ್ತು ಆತನ ಆಪ್ತರಿದ್ದ ಟ್ರಸ್ಟಿಗೆ ಸೇರುತ್ತಿತ್ತು. ಕಂಪನಿಯ ಒಡೆಯನಾಗದೆಯೇ ಅದರ ಅಧ್ಯಕ್ಷ ಯಾರು, ಖರ್ಚು ಎಷ್ಟು ಎಂಬುದನ್ನು ಆತ ನಿರ್ಧರಿಸಬಹುದಾಗಿತ್ತು. ಸದರ್ನ್, ಈರಿ, ರೀಡಿಂಗ್, ನಾರ್ದರ್ನ್ ಪೆಸಿಫಿಕ್ ರೈಲ್ವೆಗಳು ಹೀಗೆ ಚೇತರಿಸಿಕೊಂಡವು. ಬ್ಯಾಂಕಿಗೆ ಭಾರಿ ಶುಲ್ಕವೂ ಸಂದಿತು. ಈ ಯೋಜನೆಗಳ ಒಂದೊಂದು ಅಂಕಿಯನ್ನೂ ಕುಳಿತು ಲೆಕ್ಕ ಹಾಕಿದವನು ಪಾಲುದಾರ ಚಾರ್ಲ್ಸ್ ಕೋಸ್ಟರ್. ಹತ್ತಾರು ಕಂಪನಿಗಳ ಆಡಳಿತ ಮಂಡಳಿಯಲ್ಲಿದ್ದ ಆತ ದುಡಿತದಿಂದ ಬಳಲಿ, 1900ರಲ್ಲಿ ನ್ಯುಮೋನಿಯಾದಿಂದ 47ನೇ ವಯಸ್ಸಿಗೇ ಅಸುನೀಗಿದ.

ವಿದ್ಯುತ್ ಮತ್ತು ಉಕ್ಕು

ರೈಲಿನಲ್ಲಿ ಕಲಿತದ್ದನ್ನು ಮೋರ್ಗನ್ ಕಾರ್ಖಾನೆಗಳಿಗೂ ಅನ್ವಯಿಸಿದ. ಎಡಿಸನ್ನನ ವಿದ್ಯುತ್ ದೀಪಕ್ಕೆ ಆರಂಭದಲ್ಲೇ ಹಣ ಒದಗಿಸಿದವರಲ್ಲಿ ಆತನ ಸಂಸ್ಥೆಯೂ ಒಂದು. 1882ರಲ್ಲಿ ತನ್ನ ಮ್ಯಾಡಿಸನ್ ಅವೆನ್ಯೂ ಮನೆಗೇ ದೀಪ ಹಾಕಿಸಿಕೊಂಡಿದ್ದ. ತಂತಿಯ ದೋಷದಿಂದ ಮನೆಯಲ್ಲಿ ಬೆಂಕಿ ಕಾಣಿಸಿಕೊಂಡು ಮೇಜು ಸುಟ್ಟರೂ ಎದೆಗುಂದಲಿಲ್ಲ.

ಆದರೆ ಎಡಿಸನ್ನನ ಕಂಪನಿಗಿಂತ ಪ್ರತಿಸ್ಪರ್ಧಿ ಥಾಮ್ಸನ್-ಹೂಸ್ಟನ್ ಕಂಪನಿಯ ಗಳಿಕೆ ಉತ್ತಮವಾಗಿತ್ತು. 1892ರಲ್ಲಿ ಎರಡನ್ನೂ ಕೂಡಿಸಿ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಕಟ್ಟಿದಾಗ, ಮೋರ್ಗನ್ ಚುಕ್ಕಾಣಿಯನ್ನು ಥಾಮ್ಸನ್-ಹೂಸ್ಟನ್‌ನ ಚಾರ್ಲ್ಸ್ ಕಾಫಿನ್ ಕೈಗಿತ್ತ. ಎಡಿಸನ್ನನ ಹೆಸರು ಫಲಕದಿಂದಲೇ ಅಳಿಸಿಹೋಯಿತು.

ಮರುವರ್ಷವೇ ಕುಸಿತ ಎರಗಿತು. ಯಂತ್ರಗಳನ್ನು ಕೊಂಡ ಊರೂರಿನ ವಿದ್ಯುತ್ ಕಂಪನಿಗಳು ಹಣದ ಬದಲು ಕೊಟ್ಟಿದ್ದ ಷೇರು, ಬಾಂಡುಗಳು ಜನರಲ್ ಎಲೆಕ್ಟ್ರಿಕ್ ಬೊಕ್ಕಸದಲ್ಲಿ ಕೊಳೆಯುತ್ತಿದ್ದವು. ಕೈಯಲ್ಲಿ ನಗದಿರಲಿಲ್ಲ. ಕಾಫಿನ್ ಮೋರ್ಗನ್ನನ ನೆರವಿನಿಂದ ಆ ಪತ್ರಗಳನ್ನು ಮುಖಬೆಲೆಗಿಂತ ಬಹಳ ಕಡಿಮೆಗೆ ಮಾರಿ, ನಗದು ತಂದು ಕಂಪನಿಯನ್ನು ಉಳಿಸಿದ. 1900ರಲ್ಲಿ ಅದೇ ಕಂಪನಿ ಸ್ಕೆನೆಕ್ಟಡಿಯಲ್ಲಿ ಸಂಶೋಧನಾಲಯ ತೆರೆಯಿತು. ಸರಿಯಾಗಿ ನೂರು ವರ್ಷಗಳ ಬಳಿಕ, 2000ದಲ್ಲಿ, ಅದರ ದೊಡ್ಡ ತಂತ್ರಜ್ಞಾನ ಕೇಂದ್ರವೊಂದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಆರಂಭವಾಯಿತು.

ಉಕ್ಕಿನ ಕತೆ ಇನ್ನೂ ದೊಡ್ಡದು. 1901ರಲ್ಲಿ ಆಂಡ್ರೂ ಕಾರ್ನೆಗಿಯ ಕಾರ್ಖಾನೆಗಳನ್ನು 48 ಕೋಟಿ ಡಾಲರಿಗೆ ಕೊಂಡು, ಹಲವು ಪ್ರತಿಸ್ಪರ್ಧಿಗಳನ್ನು ಜತೆಗೂಡಿಸಿ, ಮೋರ್ಗನ್ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಟ್ಟಿದ. ಅದರ ಬಂಡವಾಳ ಸುಮಾರು 140 ಕೋಟಿ ಡಾಲರ್. ನೂರು ಕೋಟಿ ಡಾಲರ್ ದಾಟಿದ ಜಗತ್ತಿನ ಮೊದಲ ಕಂಪನಿ ಅದು. ಆದರೆ ಅದರ ಗಣಿ, ಕುಲುಮೆ, ಯಂತ್ರಗಳ ಬೆಲೆ ಆಗ 68.2 ಕೋಟಿ ಡಾಲರ್ ಮಾತ್ರವಿತ್ತೆಂದು ಅಮೆರಿಕ ಸರ್ಕಾರದ ತನಿಖೆ 1911ರಲ್ಲಿ ಹೇಳಿತು. ಉಳಿದದ್ದು ನಿರೀಕ್ಷೆಯ ಬೆಲೆ. 1904ರಲ್ಲಿ ಅದರ ಸಾಮಾನ್ಯ ಷೇರು 10 ಡಾಲರಿಗಿಂತ ಕೆಳಗೆ ಬಿತ್ತು. ಕಂಪನಿ ಹುಟ್ಟಿದ ವರ್ಷವೇ ನಡೆದ ಕಾರ್ಮಿಕರ ಮುಷ್ಕರ ವಿಫಲವಾಯಿತು. ಕುಲುಮೆಯ ಮುಂದಿನ ಹನ್ನೆರಡು ಗಂಟೆಗಳ ದುಡಿತ 1923ರವರೆಗೂ ಕೊನೆಗೊಳ್ಳಲಿಲ್ಲ. ಸ್ಥಿರತೆ ಬಂದದ್ದು ನಿಜ, ಅದರ ಬೆಲೆ ತೆತ್ತವರು ಷೇರುದಾರರಷ್ಟೇ ಅಲ್ಲ.

ತನ್ನದೇ ಸೂತ್ರ ಮರೆತಾಗ

ಮೋರ್ಗನ್ನನ ದೊಡ್ಡ ಸೋಲು ಆತನ ಹುಟ್ಟೂರಿನ ಸೀಮೆಯಲ್ಲೇ ಆಯಿತು. ನ್ಯೂ ಹೇವನ್ ರೈಲ್ವೆ ದಿವಾಳಿ ಕಂಪನಿಯಾಗಿರಲಿಲ್ಲ, ತಪ್ಪದೆ ಲಾಭಾಂಶ ಕೊಡುತ್ತಿದ್ದ ಗಟ್ಟಿ ಸಂಸ್ಥೆ. ಆತನ ಬೆಂಬಲದಿಂದ 1903ರಲ್ಲಿ ಅಧ್ಯಕ್ಷನಾದ ಚಾರ್ಲ್ಸ್ ಮೆಲನ್, ಆ ಪ್ರಾಂತ್ಯದ ಸಾರಿಗೆಯನ್ನೆಲ್ಲ ಒಂದೇ ಕೈಗೆ ತರಲು ಹೊರಟ. ಹತ್ತು ವರ್ಷಗಳಲ್ಲಿ ಷೇರು, ಸಾಲಪತ್ರಗಳ ಮೊತ್ತ 9.3 ಕೋಟಿ ಡಾಲರಿನಿಂದ 41.7 ಕೋಟಿಗೆ ಏರಿತು. ಹೀಗೆ ಹೆಚ್ಚಿದ ಹಣದಲ್ಲಿ ರೈಲಿಗಿಂತ ದೊಡ್ಡ ಪಾಲು ಟ್ರಾಂ, ಹಡಗು ಮುಂತಾದ ಕಂಪನಿಗಳ ಖರೀದಿಗೆ ಹೋಯಿತು. 1913ರ ಕೊನೆಯಲ್ಲಿ ಲಾಭಾಂಶ ನಿಂತಿತು. ಅದನ್ನೇ ನಂಬಿದ್ದ ವಿಧವೆಯರು, ಸಣ್ಣ ಉಳಿತಾಯದಾರರು ದಿಕ್ಕೆಟ್ಟರು. 1902ರಲ್ಲಿ ಕಟ್ಟಿದ ಹಡಗು ಒಕ್ಕೂಟವೂ ಸಾಲದ ಭಾರದಿಂದ ಆತನ ಮರಣಾನಂತರ ನ್ಯಾಯಾಲಯದ ಸುಪರ್ದಿಗೆ ಹೋಯಿತು. ಟೈಟಾನಿಕ್ ಅದರದ್ದೇ ಹಡಗಾಗಿತ್ತು.

1912ರ ಡಿಸೆಂಬರಿನಲ್ಲಿ ಅಮೆರಿಕ ಸಂಸತ್ತಿನ ಪೂಜೊ ಸಮಿತಿ ಮೋರ್ಗನ್ನನನ್ನು ವಿಚಾರಣೆಗೆ ಕರೆಯಿತು. ಆತನ ಸಂಸ್ಥೆ ಹಾಗೂ ಜತೆಗಿದ್ದ ಕೆಲವು ಬ್ಯಾಂಕುಗಳ ಜನ 112 ಕಂಪನಿಗಳಲ್ಲಿ 341 ನಿರ್ದೇಶಕ ಸ್ಥಾನ ಹೊಂದಿದ್ದರೆಂದು ಸಮಿತಿ ಲೆಕ್ಕ ಹಾಕಿತು. ತನ್ನ ಕೈಯಲ್ಲಿ ಅಂಥ ಅಧಿಕಾರವೇನೂ ಇಲ್ಲ, ಸಾಲಕ್ಕೆ ಮೊದಲ ಆಧಾರ ಹಣವಲ್ಲ, ಮನುಷ್ಯನ ಶೀಲ ಎಂಬುದು ಆತನ ವಾದವಾಗಿತ್ತು. ಕೆಲವೇ ತಿಂಗಳಲ್ಲಿ, 1913ರ ಮಾರ್ಚ್ 31ರಂದು, ರೋಮ್ ನಗರದಲ್ಲಿ ಆತ ಕೊನೆಯುಸಿರೆಳೆದ. ಮರುವರ್ಷ ಜಾರಿಗೆ ಬಂದ ಕ್ಲೇಟನ್ ಕಾಯ್ದೆ, ಒಬ್ಬನೇ ವ್ಯಕ್ತಿ ಪರಸ್ಪರ ಸ್ಪರ್ಧಿಸುವ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಕೂರುವುದನ್ನು ನಿರ್ಬಂಧಿಸಿತು.

ಆತ ಕಟ್ಟಿದ ಉಕ್ಕಿನ ಕಂಪನಿಯನ್ನು 2025ರ ಜೂನ್‌ನಲ್ಲಿ ಜಪಾನಿನ ನಿಪ್ಪಾನ್ ಸ್ಟೀಲ್ ಕೊಂಡಿತು. ಜನರಲ್ ಎಲೆಕ್ಟ್ರಿಕ್ 2024ರ ಏಪ್ರಿಲ್ ಹೊತ್ತಿಗೆ ಮೂರು ಹೋಳಾಯಿತು. ಕಂಪನಿಗಳ ರೂಪ ಬದಲಾದರೂ ಮೋರ್ಗನ್ನನ ಬದುಕು ಬಿಟ್ಟುಹೋದ ಪಾಠ ಹಳತಾಗಿಲ್ಲ. ಇಂದಿನ ಹೂಡಿಕೆ ನಿಧಿಗಳು ಅನೇಕ ವೇಳೆ ಕಂಪನಿಯನ್ನು ಕೊಳ್ಳಲು ತಂದ ಸಾಲವನ್ನು ಆ ಕಂಪನಿಯ ತಲೆಗೇ ಕಟ್ಟುತ್ತವೆ. ಮೋರ್ಗನ್ ಗೆದ್ದದ್ದು ಸಾಲ ಇಳಿಸಿದಲ್ಲಿ, ಸೋತದ್ದು ಸಾಲ ಏರಿಸಿದಲ್ಲಿ. ಕಾರ್ಖಾನೆಯೊಂದು ಹೊಸ ಒಡೆಯರ ಕೈಸೇರಿದಾಗ ಅಲ್ಲಿನ ಕಾರ್ಮಿಕರೂ ಷೇರುದಾರರೂ ಮೊದಲು ನೋಡಬೇಕಾದ ಲೆಕ್ಕ ಅದೇ.