ಬೆಣ್ಣೆ ಚಾವಡಿ ಕಟ್ಟಿದ ದೊರೆ

ಬೆಂಗಳೂರನ್ನ 3 ಲಕ್ಷ ರೂಪಾಯಿಗೆ ಕೊಂಡ ರಾಜ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ನಮ್ಮಲ್ಲಿ ಸುಮಾರು ಜನ ಉತ್ತರ ಹೇಳ್ತಾರೆ: ಚಿಕ್ಕದೇವರಾಜ ಒಡೆಯರ್. ಆದ್ರೆ ಇದೇ ರಾಜನ ಇನ್ನೊಂದು ಕೆಲಸ ಇವತ್ತಿಗೂ ನಾಲ್ಕು ಕಾಲಿನ ಮೇಲೆ ಓಡಾಡ್ತಿದೆ. ಅದೇ ಅಮೃತಮಹಲ್ ದನ.

ಚಿಕ್ಕದೇವರಾಜರು ಹುಟ್ಟಿದ್ದು 1645ರಲ್ಲಿ. ದೊಡ್ಡದೇವರಾಜ ಒಡೆಯರ ನಂತರ 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದಾಗ ಅವರಿಗೆ 27 ವರ್ಷ. ರಾಜಧಾನಿ ಆಗ ಶ್ರೀರಂಗಪಟ್ಟಣ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಔರಂಗಜೇಬ. ಇಬ್ಬರ ನಡುವೆ ಅವರು ರಾಜ್ಯ ಉಳಿಸಿಕೊಂಡಿದ್ದಷ್ಟೇ ಅಲ್ಲ, ಬೆಳೆಸಿದರು. 1687ರಲ್ಲಿ ಮೊಘಲ್ ಸೇನಾಪತಿ ಖಾಸಿಂ ಖಾನನಿಂದ ಬೆಂಗಳೂರು ಕೈಗೆ ಬಂತು. ಆಡಳಿತವನ್ನ 18 ಇಲಾಖೆಗಳಾಗಿ ಹಂಚಿದ್ದು ಅವರೇ. ಅದಕ್ಕೇ ಅಠಾರಾ ಕಚೇರಿ ಅಂತ ಹೆಸರು. ಕಾವೇರಿಯ ಚಿಕ್ಕದೇವರಾಯಸಾಗರ ನಾಲೆ ಇವತ್ತಿಗೂ ಅವರ ಹೆಸರಲ್ಲೇ ಹರೀತಿದೆ. ಅರಮನೆಯಲ್ಲಿ ಸಂಚಿ ಹಿಡಿಯೋ ಕೆಲಸದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದದ್ದೂ ಇದೇ ಆಸ್ಥಾನದಲ್ಲಿ.

ಎಲ್ಲವೂ ಚಂದವಾಗಿರಲಿಲ್ಲ. ತೆರಿಗೆ ಹೆಚ್ಚಾಗಿ ರೈತರು ದಂಗೆ ಎದ್ದರು, ಅದನ್ನ ಕ್ರೂರವಾಗಿ ಅಡಗಿಸಲಾಯ್ತು. ಮಂತ್ರಿ ವಿಶಾಲಾಕ್ಷ ಪಂಡಿತರ ಕೊಲೆಯಾಯ್ತು. ನವಕೋಟಿ ನಾರಾಯಣ ಅನ್ನೋ ಬಿರುದಿನ ಹಿಂದೆ ಆ ರೈತರ ದುಡ್ಡೂ ಇದೆ ಅನ್ನೋದನ್ನ ಮರೆಯಬಾರದು.

ಈಗ ದನದ ವಿಷಯ. ವಿಜಯನಗರದ ಕಾಲದಿಂದ ಶ್ರೀರಂಗಪಟ್ಟಣದಲ್ಲಿದ್ದ ಹಿಂಡು ಮೈಸೂರು ಅರಸರ ಪಾಲಿಗೆ ಬಂದಿತ್ತು. ಚಿಕ್ಕದೇವರಾಜರು ಅದಕ್ಕೊಂದು ಇಲಾಖೆ ಮಾಡಿ ಬೆಣ್ಣೆ ಚಾವಡಿ ಅಂತ ಹೆಸರಿಟ್ಟರು, ಮೇಯೋಕೆ ಕಾವಲುಗಳನ್ನ ಬಿಟ್ಟರು. ಹೆಸರಿಗೆ ಅರಮನೆಯ ಹಾಲು ಬೆಣ್ಣೆ, ಆದ್ರೆ ಹೋರಿಗಳು ದಂಡಿನ ಸಾಮಾನು ಎಳೀತಿದ್ವು. ಮುಂದೆ ಹೈದರಾಲಿ ಹಿಂಡನ್ನ ದೊಡ್ಡದು ಮಾಡಿದ, ಟಿಪ್ಪು ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟ.

ಆಗ ಯಾರಿಗೂ ಜೀನ್ ಅಂದ್ರೆ ಗೊತ್ತಿರಲಿಲ್ಲ. ಮೆಂಡೆಲ್ ಹುಟ್ಟಿದ್ದೇ 1822ರಲ್ಲಿ. ಆದ್ರೆ ಆಯ್ಕೆ ನಡೀತಾನೇ ಇತ್ತು. ಬಯಲಲ್ಲೇ ಮೇಯಬೇಕು, ಬಯಲಲ್ಲೇ ಕರು ಹಾಕಬೇಕು. ಬಿಸಿಲು, ಉಣ್ಣೆ, ರೋಗ ತಡೆಯದ ದನ ಉಳೀತಿರಲಿಲ್ಲ. ಉಳಿದವುಗಳಲ್ಲಿ ಚುರುಕಾದ ಹೋರಿಯನ್ನ ಬೀಜಕ್ಕೆ ಇಟ್ಕೊಳ್ತಿದ್ರು. ನಮ್ಮ ಭಾಷೇಲಿ ಹೇಳೋದಾದ್ರೆ, ಔಟ್‌ಪುಟ್ ನೋಡಿ ಆರಿಸೋದು. ಒಳಗಿನ ಕೋಡ್ ಕಾಣ್ತಿರಲಿಲ್ಲ.

ಈಗ ಕೋಡ್ ಕಾಣುತ್ತೆ. ದನದ ಜೀನೋಮ್ 2009ರಲ್ಲಿ ಪ್ರಕಟವಾಯ್ತು. ಡಿಎನ್‌ಎಯಲ್ಲಿ ಒಂದು ದನದಿಂದ ಇನ್ನೊಂದಕ್ಕೆ ಒಂದೇ ಅಕ್ಷರ ಬೇರೆಯಾಗಿರೋ ಜಾಗಗಳಿವೆ. ಅವೇ ಮಾರ್ಕರ್. ಕೆಚ್ಚಲು ಬಾವು ಬೇಗ ಬರುತ್ತಾ, ಗಬ್ಬ ನಿಲ್ಲುತ್ತಾ ಅನ್ನೋದರ ಅಂದಾಜನ್ನ ಕರು ಇದ್ದಾಗಲೇ ರಕ್ತ ಅಥವಾ ಕೂದಲಿನಿಂದ ಮಾಡಬಹುದು. ಹೋರಿ ಬೆಳೆದು ಅದರ ಹೆಣ್ಣು ಕರುಗಳು ಹಾಲು ಕೊಡೋವರೆಗೂ ಕಾಯಬೇಕಿಲ್ಲ.

ಬರೀ ಔಟ್‌ಪುಟ್ ನೋಡಿದ್ರೆ ಏನಾಗುತ್ತೆ ಅನ್ನೋಕೆ ಅಮೆರಿಕದ ಚೀಫ್ ಅನ್ನೋ ಹೋಲ್‌ಸ್ಟೈನ್ ಹೋರಿ ಉದಾಹರಣೆ. ಹುಟ್ಟಿದ್ದು 1962ರಲ್ಲಿ. ಮಕ್ಕಳು ಭರ್ಜರಿ ಹಾಲು ಕೊಡ್ತಿದ್ವು, ಹಾಗಾಗಿ ಅದರ ವೀರ್ಯ ಎಲ್ಲೆಡೆ ಹೋಯ್ತು. 16 ಸಾವಿರ ಹೆಣ್ಣು ಮಕ್ಕಳು. ಅದರ ಎಪಿಎಎಫ್1 ಜೀನ್‌ನಲ್ಲಿ ಒಂದು ದೋಷ ಅಡಗಿತ್ತು. ತಂದೆ ತಾಯಿ ಇಬ್ಬರಿಂದಲೂ ಅದು ಬಂದ್ರೆ ಕರು ಗರ್ಭದಲ್ಲೇ ಸಾಯುತ್ತೆ. ಜಗತ್ತಿನಲ್ಲಿ ಹೀಗೆ ಸುಮಾರು 5 ಲಕ್ಷ ಕರು ಹೋಗಿರಬಹುದು ಅನ್ನೋದು ವಿಜ್ಞಾನಿಗಳ ಲೆಕ್ಕ. ಮಾರ್ಕರ್ ಬಂದ ಮೇಲೇ ಇದು ಸಿಕ್ಕಿದ್ದು.

ಇದು ನಮ್ಮ ಸಗರನಾಡಿಗೆ ಯಾಕೆ ಬೇಕು? ಕೃಷ್ಣೆ ಭೀಮೆಯರ ನಡುವಿನ ಈ ಎರೆ ಹೊಲದಲ್ಲಿ ಎತ್ತಿಲ್ಲದ ಬೇಸಾಯ ಇತ್ತೀಚಿನದು. ಕೃಷ್ಣಾ ಕಣಿವೆಯ ತಳಿಯಲ್ಲಿ ಗಿರ್, ಓಂಗೋಲ್ ಜೊತೆಗೆ ಮೈಸೂರು ಕಡೆಯ ದನದ ರಕ್ತವೂ ಸೇರಿದೆ ಅಂತ ತಳಿಶಾಸ್ತ್ರದವರು ಹೇಳ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಂದು ದನ ಸತ್ತು, ಅದೇ ಕೊಟ್ಟಿಗೆಯ ಇನ್ನೊಂದು ಬದುಕಿದ್ದು ಯಾಕೆ? ಉತ್ತರದ ಒಂದು ಭಾಗ ಜೀನ್‌ನಲ್ಲಿರಬಹುದು. ಹುಡುಕೋಕೆ ಮೊದಲು ಆ ದನ ಇರಬೇಕು.

1704ರ ನವೆಂಬರ್‌ನಲ್ಲಿ ಚಿಕ್ಕದೇವರಾಜರು ತೀರಿಕೊಂಡರು. ಮರುವರ್ಷವೇ ಔರಂಗಜೇಬ ಪಿಡ್ಡನಾಯಕನ ಮೇಲೆ ನಮ್ಮ ವಾಗಣಗೇರಿಗೆ ಖುದ್ದು ದಂಡು ತಂದ. ಆ ಸಾಮ್ರಾಜ್ಯ ಹೋಯ್ತು, ಒಡೆಯರ ಹಿಂಡು ಉಳೀತು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸೋಕೆ ಹಿಂಡನ್ನೇ ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ದಂಡಿಗೆ ಎತ್ತು ಬೇಕಾಗಿ ಅಳಿದುಳಿದ ದನಗಳಿಂದ ಮತ್ತೆ ಕಟ್ಟಬೇಕಾಯ್ತು. ಅಷ್ಟಾದ್ರೂ ಉಳಿದಿದ್ವು ಅನ್ನೋದೇ ಪುಣ್ಯ. ಇವತ್ತು ಅಜ್ಜಂಪುರದಲ್ಲಿ ಆ ತಳಿಯ ಕೇಂದ್ರ ಇದೆ, ಕಾವಲುಗಳು ಮಾತ್ರ ಕರಗ್ತಾ ಇವೆ. ಸಾಫ್ಟ್‌ವೇರ್ ಡಿಲೀಟ್ ಆದ್ರೆ ಬ್ಯಾಕಪ್ ಇರುತ್ತೆ. ತಳಿಗೆ ಬ್ಯಾಕಪ್ ಅಂದ್ರೆ ಮೇಯ್ತಿರೋ ದನಾನೇ.