ನರಗುಂದದ ಬಾಬಾಸಾಹೇಬ: ರಕ್ತಸಂಬಂಧಕ್ಕೂ ಲೆಕ್ಕ ಕೇಳಿದ ಕಾಲ

ಗದಗ: ನಮ್ಮ ಕಡೆ ಹುಡುಗರು ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದರೆ ಅಟೆಸ್ಟೇಷನ್ ಫಾರ್ಮ್ ತುಂಬಬೇಕು. ಅಪ್ಪ, ಅವ್ವ, ಹೆಂಡತಿ, ಅಣ್ಣ-ತಮ್ಮಂದಿರು ಯಾವ ದೇಶದವರು, ಎಲ್ಲಿದ್ದಾರೆ ಅಂತ ಅದರಲ್ಲಿ ಕೇಳ್ತಾರೆ. ತಮ್ಮ ದುಬೈನಾಗ ಅದಾನ, ಬರೆದರ ನೌಕರಿ ಹೋಗತೈತೇನು ಅಂತ ಹಲವರಿಗೆ ಚಿಂತೆ. ಬಂಧುಗಳನ್ನ ನೋಡಿ ನಿಷ್ಠೆ ಅಳೆಯೋದು ಹೊಸದಲ್ಲ. ನಮ್ಮ ಜಿಲ್ಲೆಯಲ್ಲೇ 1858ರಲ್ಲಿ ಅಂಥದ್ದೊಂದು ನಡೆದಿದೆ.

ಆಗ ಈ ಭಾಗ ಹತ್ತು ಕೈಯಲ್ಲಿ ಹಂಚಿಹೋಗಿತ್ತು. ಗದಗ, ಮುಂಡರಗಿ ಕಂಪನಿ ಸರ್ಕಾರದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ, ಅತ್ತ ಕೊಪ್ಪಳ ನಿಜಾಮನಿಗೆ ಸೇರಿತ್ತು. ಹೆಣ್ಣು ಕೊಟ್ಟು ತಂದ ಮನೆಗಳೆಲ್ಲ ಗಡಿಯ ಆಚೆ-ಈಚೆ ಇದ್ದವು.

ನರಗುಂದದ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಓದಿದ ಮನುಷ್ಯ. ಅರಮನೆಯಲ್ಲಿ ಸಾವಿರಾರು ಸಂಸ್ಕೃತ ಗ್ರಂಥ ಕೂಡಿಸಿಟ್ಟಿದ್ದರು. ಇದ್ದ ಮಗ ತೀರಿಕೊಂಡ. ದತ್ತಕ ತಗೋತೀವಿ ಅಂತ ಕೇಳಿದರೆ ಕಂಪನಿಯವರು ಒಪ್ಪಲಿಲ್ಲ. ವಾರಸುದಾರ ಇಲ್ಲದ ಸಂಸ್ಥಾನ ತಮ್ಮದೇ ಅನ್ನೋದು ಅವರ ಕಾಯ್ದೆ. ಮೇಲೆ ಆಯುಧ ಒಪ್ಪಿಸಿರಿ ಅನ್ನೋ ಹುಕುಂ ಬೇರೆ.

ಪಕ್ಕದ ರಾಮದುರ್ಗದ ದೊರೆ ಬಾಬಾಸಾಹೇಬರ ಮಲಸಹೋದರ. ಸಂಸ್ಥಾನ ಎರಡು, ರಕ್ತ ಒಂದೇ. ಬಂಡಾಯಕ್ಕೆ ಕೈಗೂಡಿಸು ಅಂತ ಬಾಬಾಸಾಹೇಬರು ಆತನಿಗೆ ಪತ್ರ ಬರೆದರು. ಅಷ್ಟರಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಬಂಡಾಯಗಾರನ ಸಹೋದರ ಅಂದರೆ ಅನುಮಾನ ಮೊದಲು ಬರೋದು ಅವನ ಮೇಲೇ. ರಾಮದುರ್ಗದ ದೊರೆ ಆ ಪತ್ರಗಳನ್ನ ಮ್ಯಾನ್ಸನ್ ಮುಂದೆ ಇಟ್ಟ. ನರಗುಂದದ ದಾರಿ ಹಿಡಿಯಬೇಡ ಅಂತಾನೂ ಎಚ್ಚರಿಸಿದ.

ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಮಂದಿ ಅವನನ್ನ ಕೊಂದು, ತಲೆ ತಂದು ನರಗುಂದದ ಅಗಸಿಗೆ ಕಟ್ಟಿದರು. ಅತ್ತ ಡಂಬಳದ ಖಜಾನೆ ಲೂಟಿ ಮಾಡಿದ್ದ ಮುಂಡರಗಿ ಭೀಮರಾಯರು, ಹಮ್ಮಿಗಿ ಕೆಂಚನಗೌಡರು ಜೂನ್ 1ರಂದು ಕೊಪ್ಪಳ ಕೋಟೆಯಲ್ಲಿ ಹೋರಾಡುತ್ತ ಮಡಿದರು. ಅದೇ ಹೊತ್ತಿಗೆ ನರಗುಂದಕ್ಕೂ ಕಂಪನಿ ಸೈನ್ಯ ನುಗ್ಗಿತು. ಬಾಬಾಸಾಹೇಬರು ಕೋಟೆ ಬಿಟ್ಟು ಕಾಡು ಸೇರಿದರೂ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಮನೆಯ ಹೆಣ್ಣುಮಕ್ಕಳು ಮಲಪ್ರಭೆಗೆ ಹಾರಿದರು ಅಂತ ಊರ ಹಿರಿಯರು ಈಗಲೂ ಹೇಳ್ತಾರೆ.

ನರಗುಂದ ಸಂಸ್ಥಾನ ಕಂಪನಿ ಪಾಲಾಯಿತು. ರಾಮದುರ್ಗ ಸಂಸ್ಥಾನ ಮಾತ್ರ ಸ್ವಾತಂತ್ರ್ಯ ಬರೋತನಕ ಉಳಿಯಿತು. ಆತ ಸಹೋದರನನ್ನ ಹಿಡಿದುಕೊಟ್ಟನೋ, ತನ್ನ ಪ್ರಜೆಗಳನ್ನ ಉಳಿಸಿಕೊಂಡನೋ? ಎರಡೂ ಮಾತು ಹೇಳೋರು ಇದ್ದಾರೆ. ಸಂಬಂಧ ಮುಚ್ಚಿಡಲು ಆಗದ ಮನುಷ್ಯನಿಗೆ ಅವತ್ತು ಇದ್ದದ್ದು ಎರಡೇ ದಾರಿ, ಎರಡರಲ್ಲೂ ಕಳಕೊಳ್ಳೋದಿತ್ತು.

ಇವತ್ತಿನ ಹುಡುಗರಿಗೆ ಅಂಥ ಸಂಕಟ ಇಲ್ಲ. ಬಂಧು ಪರದೇಶದಲ್ಲಿ ಇರೋದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು. ಸುಳ್ಳು ಬರೆದರೆ, ಮಾಹಿತಿ ಬಚ್ಚಿಟ್ಟರೆ ಅನರ್ಹ ಅಂತ ಫಾರ್ಮಿನ ತಲೆಯ ಮೇಲೇ ಅಚ್ಚಾಗಿರ್ತದೆ. ಇದ್ದದ್ದು ಇದ್ದಂಗ ಬರೀರಿ.